ಬಗ್ಗಿದ ಬೆನ್ನಿನ ಮೇಲೆ ನನ್ನ ಹೆಬ್ಬೆರಳು

ಹದಿನಾಲ್ಕು ತಿಂಗಳು ನಾನು ನನ್ನ ಬಲಗೈಯ ಹೆಬ್ಬೆರಳನ್ನು ದೇವರಿಗಿಂತ ಹೆಚ್ಚು ನಂಬಿದ್ದೆ. ಉಳಿದಂತೆ ಯಾವುದನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ದವಾಖಾನೆಗೆ ಬೀಗ ಹಾಕಿ ಹೊರಟವನು ಅರ್ಧ ದಾರಿಯಿಂದ ಮರಳಿ ಬಂದು ಬೀಗ ಎಳೆದು ನೋಡುತ್ತೇನೆ. ರೋಗಿಯ ನಾಡಿ ಹಿಡಿದರೆ ನನ್ನ ನಾಡಿಯೂ ನೆನಪಾಗುತ್ತದೆ. ಅವನು ಬಾಗಿಲು ದಾಟಿದ ಮೇಲೆ ಅದನ್ನೂ ಎಣಿಸಿ ನೋಡುತ್ತೇನೆ. ಇಂಥವನು ಒಂದು ಹೆಬ್ಬೆರಳಿನ ವಿಷಯದಲ್ಲಿ ಮಾತ್ರ ಅಷ್ಟು ನಿಶ್ಚಿಂತನಾಗಿ ಹೇಗಿದ್ದೆ ಎಂದು ಈಗಲೂ ಆಶ್ಚರ್ಯವಾಗುತ್ತದೆ. ಬಹುಶಃ ಚಿಂತೆ ಮಾಡಿ ಮಾಡಿ ದಣಿದವನಿಗೆ ಚಿಂತಿಸದಿರಲು ಒಂದು ಜಾಗ ಬೇಕಾಗಿತ್ತು. ಆ ಜಾಗ ಬೇರೆಯವರ ಬೆನ್ನಾಯಿತು.

ಶಹಾಬಾದಿನಿಂದ ಭಂಕೂರಿನ ಕಡೆಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಖಣಿ ಇತ್ತು. ಅದರ ದವಾಖಾನೆಗೆ ನಾನು ಡಾಕ್ಟರ್. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ನಾಲ್ಕೈದು ವರ್ಷ ಕಳೆದಿದ್ದವು. ನಿಜಾಮರ ಕಾಲದ ಉರ್ದು ರಿಜಿಸ್ಟರುಗಳು ಕಪಾಟಿನ ಕೆಳಗಿನ ಖಾನೆಗೆ ಇಳಿದು, ಮೇಲಿನ ಖಾನೆಯಲ್ಲಿ ಇಂಗ್ಲಿಷ್ ರಿಜಿಸ್ಟರುಗಳು ಬಂದು ಕೂತಿದ್ದವು. ನಾನು ಹೈದರಾಬಾದಿನಲ್ಲಿ ವೈದ್ಯ ಕಲಿತದ್ದು ಉರ್ದುವಿನಲ್ಲಿ. ಬೆನ್ನಿನ ಒಳಸ್ನಾಯುಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯ ದಿನ ಗಿಳಿಯ ಹಾಗೆ ಒಪ್ಪಿಸಿ, ಮರುದಿನ ಮರೆತುಬಿಟ್ಟವನು. ಹೆಸರು ಹೋಗಿ ಚಿತ್ರ ಮಾತ್ರ ತಲೆಯಲ್ಲಿ ಉಳಿದಿತ್ತು. ಬೆನ್ನೆಲುಬಿನ ಎರಡೂ ಬದಿಗೆ, ಮೇಲುಗಡೆ, ಸೊಂಟದಿಂದ ಕುತ್ತಿಗೆಯ ತನಕ ಹಗ್ಗದಂಥ ಉದ್ದ ಸ್ನಾಯುಗಳು. ಅವುಗಳ ಅಡಿಯಲ್ಲಿ, ಎಲುಬಿಗೇ ಅಂಟಿಕೊಂಡು, ಒಂದು ಮಣಿಯಿಂದ ಹೊರಟು ಎರಡು ಮೂರು ಮಣಿ ದಾಟಿ ಓರೆಯಾಗಿ ಹೋಗುವ ಗಿಡ್ಡ ಸ್ನಾಯುಗಳು, ಹೊರಸಿನ ನುಲಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಂಡು. ಉದ್ದನೆಯವು ಮೈಯನ್ನು ಎತ್ತುತ್ತವೆ. ಗಿಡ್ಡವುಗಳ ಕೆಲಸ ಕಾವಲು. ಒಂದು ಮಣಿ ಇನ್ನೊಂದರ ಮೇಲಿಂದ ಜಾರದ ಹಾಗೆ ಹಿಡಿದುಕೊಂಡಿರುತ್ತವೆ. ಕುತ್ತಿಗೆಯಲ್ಲೂ ಇದೇ ಏರ್ಪಾಡು, ಸಣ್ಣ ಅಳತೆಯಲ್ಲಿ. ತಲೆಬುರುಡೆಯ ಬುಡದಲ್ಲಿ ಬೆರಳುದ್ದವೂ ಇಲ್ಲದ ನಾಲ್ಕು ಜೋಡಿ ಸ್ನಾಯುಗಳು ಕೂತು ಇಡೀ ತಲೆಯ ಸಮತೋಲ ಕಾಯುತ್ತವೆ.

ಇಷ್ಟು ತಿಳಿದವನು ಇನ್ನೊಂದಿಷ್ಟು ತಿಳಿದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ಖಣಿಯಲ್ಲಿ ಫರಸಿ ಎತ್ತುವ ಗುಂಪಿನವರಿಗೆ ಟೊಂಕ ಹಿಡಿಯುವುದು ನಮಗೆ ನೆಗಡಿ ಇದ್ದಂತೆ. ಕಬ್ಬಿಣದ ಸಬ್ಬಲ ಹಾಕಿ ಪದರು ಎಬ್ಬಿಸಿದ ಕಲ್ಲನ್ನು ನಾಲ್ಕು ಜನ ಹಿಡಿದು ಎತ್ತಿ, ಗೋಣಿತಟ್ಟು ಹಾಸಿದ ಬೆನ್ನಿನ ಮೇಲೆ ಹೊತ್ತು, ಇಳಿಜಾರು ಹತ್ತಿ ಗಾಡಿಗೆ ತುಂಬಬೇಕು. ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತವರು ಐದಾರು ಜನ ಯಾವಾಗಲೂ ಇರುತ್ತಿದ್ದರು. ಬಿತ್ತುವ ಕಾಲಕ್ಕೆ ಇನ್ನೂ ಹೆಚ್ಚು. ಮ್ಯಾನೇಜರ್ ಒಂದು ದಿನ ನನ್ನನ್ನು ಕರೆಸಿ ಚಹಾ ತರಿಸಿದರು. ಜ್ವರ ಖರೆಯೋ ಸುಳ್ಳೋ ಥರ್ಮಾಮೀಟರ್ ಹೇಳುತ್ತದೆ, ಬೆನ್ನಿಗೆ ನಿಮ್ಮ ಹತ್ತಿರ ಏನಿದೆ ಎಂದು ಕೇಳಿದರು. ಅವರು ಅದನ್ನು ನಗುತ್ತಲೇ ಕೇಳಿದ್ದು. ನಾನು ಮಾತ್ರ ವಾರವಿಡೀ ಅದನ್ನೇ ಮೆಲುಕು ಹಾಕಿದೆ. ಕೆಲಸದಿಂದ ತೆಗೆಯುವ ಮುನ್ನ ಚಹಾ ಕುಡಿಸುತ್ತಾರೆ ಎಂದು ಯಾರೋ ಹೇಳಿದ್ದು ನೆನಪಿತ್ತು.

ಅದೇ ವಾರ ಒಬ್ಬ ಬಂದ. ಟೊಂಕ ನೋವು ಎಂದ. ಅಂಗಿ ಬಿಚ್ಚಿಸಿ, ಮುಂದಕ್ಕೆ ಬಗ್ಗಲು ಹೇಳಿ, ಬೆನ್ನೆಲುಬಿನ ಬದಿಯ ಕಾಲುವೆಯಲ್ಲಿ ಹೆಬ್ಬೆರಳು ಒತ್ತಿದೆ. ಅವನು ಉಸಿರು ಕಟ್ಟಿ ಬೆನ್ನನ್ನು ಕಲ್ಲಿನಂತೆ ಬಿಗಿಹಿಡಿದಿದ್ದ. ನಾನು ಗದರಿಸಿದೆನೋ ಇಲ್ಲವೋ, ನಕ್ಕುಬಿಟ್ಟ. ಅಕ್ಕನ ಮನೆಗೆ ಸೇಡಂಗೆ ಹೋಗುವುದಿತ್ತು, ರಜಾ ಬೇಕಾಗಿತ್ತು ಎಂದು ಒಪ್ಪಿಕೊಂಡ. ನನಗೆ ಆ ಕ್ಷಣದಲ್ಲಿ ಜ್ಞಾನೋದಯವಾಯಿತು. ರೋಗ ತಗುಲಿದ ಸ್ನಾಯು ಸೋತು ಮೆತ್ತಗಾಗುತ್ತದೆ. ಲಕ್ವಾ ಹೊಡೆದ ಕೈ ನೋಡಿಲ್ಲವೇ? ಸ್ನಾಯು ಗಟ್ಟಿಯಾಗಬೇಕಾದರೆ ಅದಕ್ಕೆ ಮನಸ್ಸಿನ ಅಪ್ಪಣೆ ಬೇಕು. ಆದ್ದರಿಂದ ಪೂರ್ತಿ ಬಗ್ಗಿದಾಗ ಬೆನ್ನು ಮೆತ್ತಗಿದ್ದವನು ರೋಗಿ, ಗಟ್ಟಿ ಇದ್ದವನು ಸೋಗುಗಾರ. ಒಬ್ಬ ಸೋಗುಗಾರನಿಂದ ಒಂದು ಶಾಸ್ತ್ರ ಹುಟ್ಟಿತು.

ಕ್ರಮವನ್ನೂ ಚೊಕ್ಕಟವಾಗಿ ಕಟ್ಟಿದೆ. ಪಾದಗಳ ನಡುವೆ ಒಂದು ಗೇಣು. ಮೊಣಕಾಲು ನೆಟ್ಟಗೆ. ಕೈ ಜೋತುಬಿಟ್ಟು, ಹೋಗುವಷ್ಟು ಕೆಳಗೆ ಬಗ್ಗುವುದು. ನಡುಗೆರೆಯಿಂದ ಎರಡು ಬೆರಳಗಲ ಬಿಟ್ಟು ಹೆಬ್ಬೆರಳಿಟ್ಟು, ಮೇಲಿನ ಹಗ್ಗವನ್ನು ಪಕ್ಕಕ್ಕೆ ಸರಿಸಿ, ಒಳಗಿನ ಗಿಡ್ಡ ಸ್ನಾಯು ಸಿಗುವ ತನಕ ನಿಧಾನವಾಗಿ ಒತ್ತುವುದು. ಹತ್ತು ಉಸಿರು ಎಣಿಸುವುದು. ನೋವೆಂದು ಅರ್ಧಕ್ಕೇ ನಿಂತವರ ಹೆಗಲ ಮೇಲೆ ನಾನು ಎಡಗೈ ಇಟ್ಟು ಇನ್ನಷ್ಟು ಕೆಳಗೆ ಒತ್ತುತ್ತಿದ್ದೆ. ಇದನ್ನು ಬರೆಯದೆ ಬಿಡಬಹುದಾಗಿತ್ತು, ಬರೆದಿದ್ದೇನೆ. ತಲೆಯ ಮೇಲೆ ಬುಟ್ಟಿ ಹೊರುವವರಿಗೆ ಕುತ್ತಿಗೆಯ ಪರೀಕ್ಷೆ: ಗದ್ದ ಎದೆಗೆ ತಾಗಿಸಬೇಕು, ನಾನು ಹೆಕ್ಕತ್ತಿನಲ್ಲಿ ಒತ್ತಿ ನೋಡಬೇಕು. ಫಲಿತಾಂಶವೂ ಅದೇ.

ಮ್ಯಾನೇಜರಿಗೆ ಇದು ಭಾರಿ ಹಿಡಿಸಿತು. ಮೂರು ಸಲ 'ಸೋಗು' ಎಂದು ಚೀಟಿ ಬಿದ್ದವನ ಹೆಸರನ್ನು ಹಾಜರಿಯಿಂದ ಹೊಡೆದುಹಾಕುವುದು ಎಂಬ ನಿಯಮ ಬಂತು. ನಿಯಮ ಅವರದು, ಚೀಟಿ ನನ್ನದು.

ಆ ಎತ್ತುವವರಲ್ಲಿ ಭಂಕೂರಿನ ಒಬ್ಬನಿದ್ದ. ಮೂವತ್ತೈದರ ಆಸುಪಾಸು, ಅಗಲ ಹೆಗಲು, ಮಾತು ಕಡಿಮೆ. ಕಲ್ಲಿನ ಮೂಲೆ ಹಿಡಿಯುವವರಲ್ಲಿ ಇಳಿಜಾರಿನ ಕೆಳಬದಿಗೆ ನಿಲ್ಲುವವನು ಅವನೇ. ಭಾರವೆಲ್ಲ ಆ ಮೂಲೆಗೇ ಬರುತ್ತದಂತೆ. ಮೊದಲ ಸಲ ಬಂದಾಗ ಅವನ ಬೆನ್ನು ನನ್ನ ಬೆರಳಿಗೆ ಸಬ್ಬಲದಂತೆ ಸಿಕ್ಕಿತು. ಚೀಟಿ ಬರೆದೆ. ಎರಡು ತಿಂಗಳ ಮೇಲೆ ಮತ್ತೆ ಬಂದ. ಮತ್ತೆ ಸಬ್ಬಲ. ಈ ಸಲ ಅವನು ಒಂದು ಮಾತು ಹೇಳಲು ಬಾಯಿ ತೆರೆದ ನೆನಪಿದೆ. ನಾನು ಆಗಲೇ ಮುಂದಿನವನನ್ನು ಕರೆದಾಗಿತ್ತು.

ಹೀಗೆ ಶಾಸ್ತ್ರ ನಡೆಯುತ್ತಿರುವಾಗ ಚಿತ್ತಾಪುರಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಮರಳುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕು. ಶಹಾಬಾದಿನ ಗಾಡಿ ಬರುವುದು ತಡವೆಂದರು. ಮಟಮಟ ಮಧ್ಯಾಹ್ನ. ಟ್ರಂಕು ಯಾರಾದರೂ ಹೊತ್ತೊಯ್ದಾರು ಎಂದು ಅದರ ಮೇಲೆ ಎರಡೂ ಕಾಲು ಚಾಚಿ, ಬೆಂಚಿನ ಮೇಲೆ ತಲೆ ಒಂದು ಬದಿಗೆ ಜೋತುಬಿದ್ದು ನಿದ್ದೆ ಹೋದೆ. ಟ್ರಂಕಿನಲ್ಲಿದ್ದದ್ದು ಎರಡು ಹಳೆಯ ಧೋತರ ಮತ್ತು ತಂಗಿ ಕೊಟ್ಟ ಶೇಂಗಾದ ಹಿಂಡಿ ಚಟ್ನಿ. ಎದ್ದಾಗ ಟ್ರಂಕು ಇತ್ತು, ಕುತ್ತಿಗೆ ಹೋಗಿತ್ತು. ಬಲಕ್ಕೆ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು.

ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ಕಂಪೌಂಡರನ್ನು ಕರೆದೆ. ನನಗಿಂತ ಹದಿನೈದು ವರ್ಷ ಹಿರಿಯ ಮುಸಲ್ಮಾನರು. ನನ್ನ ಹಿಂದಿನ ಮೂವರು ಡಾಕ್ಟರುಗಳಿಗೆ ಔಷಧ ಕಲಸಿ ಕೊಟ್ಟವರು. ಬಾಮು ತಿಕ್ಕಿಸಿಕೊಳ್ಳುವ ಮುನ್ನ, ಒಳಸ್ನಾಯು ಎಷ್ಟು ಮೆತ್ತಗಾಗಿದೆ ನೋಡಿ ಎಂದು ಗದ್ದವನ್ನು ಎದೆಯ ಕಡೆ ತಂದು ಕೂತೆ. ಮೆತ್ತಗಾಗಿರಲೇಬೇಕಲ್ಲ, ನೋವು ಖರೇ ಇತ್ತು. ಅವರ ಹೆಬ್ಬೆರಳು ಹೆಕ್ಕತ್ತಿನ ಮೇಲೆ ಒಂದು ಕಡೆ ಒತ್ತಿತು, ಇನ್ನೊಂದು ಕಡೆ ಒತ್ತಿತು, ಅಲ್ಲೇ ನಿಂತಿತು.

"ಗಟ್ಟಿ ಅದ್ರಿ ಡಾಕ್ಟರ್ ಸಾಬ್. ಪೂರಾ ಫರಸಿ ಆಗ್ಯದ."

ಇನ್ನೊಮ್ಮೆ ನೋಡಿ ಎಂದೆ. ನೋಡಿದರು. ಕೈ ತೆಗೆದು, ಎದುರಿಗೆ ಬಂದು, ಬಹಳ ಮರ್ಯಾದೆಯಿಂದ ಕೇಳಿದರು:

"ಇದಕ್ಕ ನಾವು ರಿಜಿಸ್ಟರ್‌ದಾಗ ಏನಂತ ಬರೀತೀವ್ರಿ?"

ಅವರ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ನಾನು ಬಾಮು ಹಚ್ಚಿ ಎಂದೆ.

ಆ ವಾರ ನಾನು ಕಂಡವರನ್ನೆಲ್ಲ ಬಗ್ಗಿಸಿದೆ. ಮೊದಲು ಕಂಪೌಂಡರರನ್ನೇ. ಅವರು ನಿಧಾನವಾಗಿ ಬಗ್ಗತೊಡಗಿದಾಗ ನನ್ನ ಬೆರಳಡಿ ಸ್ನಾಯು ಗಟ್ಟಿಯಾಗಿಯೇ ಇತ್ತು. ಕೈ ಮೊಣಕಾಲು ದಾಟಿ, ಮೈ ಜೋತುಬಿದ್ದು, ಇನ್ನು ಕೆಳಗೆ ಹೋಗುವುದಿಲ್ಲ ಎಂಬಲ್ಲಿಗೆ ಬಂದಾಗ ಅದು ಬೆಣ್ಣೆಯಂತೆ ಕರಗಿಹೋಯಿತು. ಅವರಿಗೆ ಬೆನ್ನು ನೋವೆಂಬುದು ಜನ್ಮದಲ್ಲಿ ಬಂದಿಲ್ಲ. ಕೆಮ್ಮಿಗೆ ಬಂದವರನ್ನು ಬಗ್ಗಿಸಿದೆ, ಕಣ್ಣುಬೇನೆಗೆ ಬಂದವರನ್ನು ಬಗ್ಗಿಸಿದೆ. ಹಲ್ಲುನೋವಿನವನೊಬ್ಬ ಬಗ್ಗಿದಲ್ಲಿಂದಲೇ, ಹಲ್ಲು ಮ್ಯಾಲ ಅದಾವ್ರಿ ಎಂದು ನೆನಪು ಮಾಡಿದ. ಮನೆಯಲ್ಲಿ ಹೆಂಡತಿಯನ್ನೂ ಕೇಳಿಕೊಂಡೆ. ನನ್ನ ಮುಖ ಒಮ್ಮೆ ನೋಡಿ ಬಗ್ಗಿದಳು. ಅವಳಿಗೆ ನನ್ನ ಚಿಂತೆಗಳೆಲ್ಲ ಹಳೆಯವು. ನೀರೋಗಿಗಳೆಲ್ಲರ ಬೆನ್ನೂ ಕೆಳಗೆ ಹೋದ ಮೇಲೆ ಮೆತ್ತಗಾಗುತ್ತಿತ್ತು. ಗಾಡಿಯಿಂದ ಬಿದ್ದು, ಮೈಮೇಲೆ ಬಾವು ಕಾಣುತ್ತಿದ್ದ ಒಬ್ಬನ ಬೆನ್ನು ಮಾತ್ರ ಕೊನೆತನಕ ಗಟ್ಟಿಯಾಗಿತ್ತು.

ಚಿತ್ರವನ್ನು ಮತ್ತೆ ನೆನಪಿಗೆ ತಂದುಕೊಂಡು ಕೂತಾಗ ಅರ್ಥವಾಗುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಮಣಿಯಿಂದ ಮಣಿಗೆ ಬಿಗಿದ ಗಟ್ಟಿ ಪಟ್ಟಿಗಳಿವೆ. ಮೈ ಪೂರ್ತಿ ಬಗ್ಗಿದಾಗ ಭಾರವೆಲ್ಲ ಆ ಪಟ್ಟಿಗಳ ಮೇಲೆ ಜೋಲುತ್ತದೆ. ಸ್ನಾಯುವಿಗೆ ಅಲ್ಲಿ ಕೆಲಸವಿಲ್ಲ, ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಒಳಗೆ ಪೆಟ್ಟಾಗಿದ್ದರೆ ಅದು ಕಾವಲು ಬಿಟ್ಟು ಹೋಗುವುದಿಲ್ಲ. ಬಿಡು ಎಂದು ಮನಸ್ಸು ಎಷ್ಟು ಹೇಳಿದರೂ ಬಿಡುವುದಿಲ್ಲ. ಅಂದರೆ ಹದಿನಾಲ್ಕು ತಿಂಗಳು ನಾನು ಗಟ್ಟಿಮುಟ್ಟಾದವರನ್ನು ಹುಡುಕಿ ಹುಡುಕಿ ರಜಾ ಕೊಟ್ಟಿದ್ದೆ, ಪೆಟ್ಟಾದವರನ್ನು ಕಲ್ಲಿನ ಕೆಳಗೆ ಕಳಿಸಿದ್ದೆ. ಆ ರಿಜಿಸ್ಟರನ್ನು ತೆರೆದು ಮೊದಲಿಂದ ಓದಿದೆ. ಒಂದೊಂದು ಸಾಲಿಗೂ ಒಂದು ಮುಖ ನೆನಪಾಗುತ್ತಿತ್ತು. ಅರ್ಧಕ್ಕೆ ಮುಚ್ಚಿದೆ.

ಇಲ್ಲಿಗೆ ಒಬ್ಬ ನೆಟ್ಟಗಿನ ಮನುಷ್ಯ ಎದ್ದು ಹೋಗಿ ತಪ್ಪು ಒಪ್ಪಿಕೊಳ್ಳುತ್ತಿದ್ದ. ನಾನು ಪರೀಕ್ಷೆಯನ್ನು ಸದ್ದಿಲ್ಲದೆ ತಿರುಗಿಸಿದೆ. ಮರುದಿನದಿಂದ ಗಟ್ಟಿ ಇದ್ದವರಿಗೆ ರಜಾ, ಮೆತ್ತಗಿದ್ದವರಿಗೆ ಚೀಟಿ. ಕ್ರಮ ಅದೇ, ಮುಖಭಾವ ಅದೇ, ಬರಹ ಮಾತ್ರ ಬೇರೆ. ಕಂಪೌಂಡರ್ ಮೊದಲ ದಿನವೇ ಗಮನಿಸಿದರು. ಔಷಧದ ಬಾಟಲಿಗೆ ಬೂಚು ಒತ್ತಿದರು. ನನ್ನಷ್ಟಕ್ಕೆ ನಾನು ಸಮಾಧಾನ ಹೇಳಿಕೊಂಡೆ: ಭಂಕೂರಿನವನು ಮೂರನೆಯ ಸಲ ಬಂದೇ ಬರುತ್ತಾನೆ, ಹದಿನೈದು ದಿನ ರಜಾ ಬರೆದುಕೊಟ್ಟರಾಯಿತು, ಅಲ್ಲಿಗೆ ಬಾಕಿ ಚುಕ್ತಾ.

ಅವನು ಬರಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಅವನ ಹೆಗಲು ಕಾಣುತ್ತದೋ ಎಂದು ನೋಡುತ್ತಿದ್ದೆ. ಗುಣವಾಗಿರಬೇಕು ಎಂದುಕೊಂಡೆ. ಚಿಂತೆಗಾರನಿಗೆ ಬೇಕಾದಾಗ ಎಂಥ ಆಶಾವಾದ ಬರುತ್ತದೆ ನೋಡಿ.

ಒಂದು ಮಧ್ಯಾಹ್ನ ಖಣಿಯಲ್ಲಿ ಯಾರದೋ ಬೆರಳು ಜಜ್ಜಿತು ಎಂದು ಕರೆ ಬಂತು. ಸೈಕಲ್ ಹತ್ತಿ ಹೋಗಿ ಪಟ್ಟಿ ಕಟ್ಟಿದೆ. ಊಟದ ಹೊತ್ತು. ಕಲ್ಲಿನ ರಾಶಿಯ ಹಿಂದೆ ನೆರಳಿನಲ್ಲಿ ಏಳೆಂಟು ಜನ ನಿಂತಿದ್ದರು, ನಡುವೆ ಒಬ್ಬ ಅಂಗಿ ಬಿಚ್ಚಿ ಬಗ್ಗಿದ್ದ. ಪಾದಗಳ ನಡುವೆ ಒಂದು ಗೇಣು. ಮೊಣಕಾಲು ನೆಟ್ಟಗೆ. ಇನ್ನೊಬ್ಬ ಅವನ ಟೊಂಕದ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಿದ್ದ, ಎಡಗೈ ಹೆಗಲ ಮೇಲೆ. ಗುಂಪಿನ ಕೆಲಸ ನೋಡಿಕೊಳ್ಳುವ ಮುಕಾದಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಉಸರ ಬಿಟ್ಟು ಬಗ್ಗು, ಪೂರಾ ಬಿಡು ಎಂದು ಹೇಳಿಕೊಡುತ್ತಿದ್ದ. ಒತ್ತುತ್ತಿದ್ದವನು ತಲೆಯಾಡಿಸಿ, ಇನ್ನಾ ಗಟ್ಟಿ ಅದ ಎಂದ.

ನನ್ನನ್ನು ನೋಡಿ ಬಗ್ಗಿದವನು ಎದ್ದ. ಒಮ್ಮೆಗೇ ಏಳಲಾಗಲಿಲ್ಲ, ತೊಡೆಯ ಮೇಲೆ ಕೈ ಊರಿ, ಕೈ ಮೇಲೆ ಮೇಲೆ ಹತ್ತಿಸುತ್ತ, ಮೆಟ್ಟಿಲು ಮೆಟ್ಟಿಲಾಗಿ ಎದ್ದ. ಭಂಕೂರಿನವನು. ಮುಕಾದಮನಿಗೆ ಸಂಕೋಚವೇನೂ ಇರಲಿಲ್ಲ. ಸಾಲಿ ಮಾಸ್ತರ ಇನ್ಸ್‌ಪೆಕ್ಟರಿಗೆ ವಿವರಿಸುವ ಹಾಗೆ ಹೇಳಿದ:

"ನಿಮ್ಮ ಪರೀಕ್ಷಾದ ತಯಾರಿ ನಡಸೀವ್ರಿ ಸಾಬ್ರ. ನಿಮಗ ಮೆತ್ತನ ಬೆನ್ನ ಬೇಕಂತ ನಮಗ ಗೊತ್ತಾಗ್ಯದ. ಇಂವ ಎರಡು ಸಲ ಫೇಲ್ ಆಗ್ಯಾನ. ಮೂರನೇದ್ದು ಪಾಸ್ ಆಗ್ಲಿಲ್ಲಂದ್ರ ಹಾಜರಿಯಿಂದ ಹೆಸರು ಹೋಗ್ತದ. ಅದಕ್ಕ ಮೆತ್ತಗ ಆಗೋತನಕ ಕಳಸೋದು ಬ್ಯಾಡಂತ ಕುಂತೀವಿ."

ಎಷ್ಟು ದಿನದಿಂದ ಎಂದು ಕೇಳಿದೆ. ತಿಂಗಳ ಮೇಲಾಯಿತಂತೆ, ಅಂದರೆ ನಾನು ಪರೀಕ್ಷೆಯನ್ನು ತಿರುಗಿಸುವ ಮೊದಲಿನಿಂದ. ಮಧ್ಯಾಹ್ನ ಒಮ್ಮೆ, ಕೆಲಸ ಬಿಟ್ಟ ಮೇಲೆ ಒಮ್ಮೆ. ನಡುವೆ ಕಲ್ಲು ಹೊರುವುದು ಇದ್ದೇ ಇತ್ತು.

ಭಂಕೂರಿನವನು ಅಂಗಿ ತೆಗೆದುಕೊಳ್ಳಲು ನಾಲ್ಕು ಹೆಜ್ಜೆ ನಡೆದ. ಎಡಗಾಲಿನ ಮೆಟ್ಟು ಫರಸಿಯ ಮೇಲೆ ಪಟ್, ಪಟ್ ಎಂದು ಬಡಿಯುತ್ತಿತ್ತು. ಹಿಮ್ಮಡಿಯ ಮೇಲೆ ನಿಲ್ಲು ಎಂದೆ. ಬಲಗಾಲು ನಿಂತಿತು, ಎಡಗಾಲಿನ ಮುಂಗಾಲು ಮೇಲೇಳಲಿಲ್ಲ. ಕಲ್ಲಿನ ಮೇಲೆ ಒರಗಿಸಿ, ಎಡಗಾಲಿನ ಹೆಬ್ಬೆರಳನ್ನು ನನ್ನ ಬೆರಳಿಗೆದುರಾಗಿ ಮೇಲಕ್ಕೆತ್ತು ಎಂದೆ. ಅವನು ಹಲ್ಲು ಕಚ್ಚಿ ಎತ್ತುತ್ತಿದ್ದ, ಬೆರಳು ಸುಮ್ಮನೆ ಬಿದ್ದಿತ್ತು. ಎರಡು ಮಣಿಗಳ ನಡುವಿನ ಗಾದಿ ಜಾರಿ ನರವನ್ನು ಒತ್ತಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ದಿನಕ್ಕೆ ಎರಡು ಸಲ, ನನ್ನ ಕ್ರಮದ ಪ್ರಕಾರ, ಅದನ್ನು ಹಿಂದಕ್ಕೆ ತಳ್ಳಿ ತಳ್ಳಿ ಕಳಿಸಿದ್ದರು. ಕಾಲು ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಹದಿನೈದು ದಿನ ಆತ್ರಿ. ಕಾಲಿಂದು ಬಿಡ್ರಿ ಸಾಬ್ರ, ಅದೇನು ದೊಡ್ಡ ಮಾತಲ್ಲ. ಬೆನ್ನಂದು ಹೇಳ್ರಿ. ಮೆತ್ತಗ ಆಗಲಿಕತ್ತದೇನು?"

ಅವನನ್ನು ಬಂಡಿಯಲ್ಲಿ ಮಲಗಿಸಿ ಮನೆಗೆ ಕಳಿಸಿ, ಎದ್ದು ಓಡಾಡಕೂಡದು ಎಂದು ಹೇಳಿ, ಸೈಕಲ್ ತಳ್ಳಿಕೊಂಡು ನಡೆದೇ ಮ್ಯಾನೇಜರರ ಆಫೀಸಿಗೆ ಹೋದೆ.

ಮ್ಯಾನೇಜರ್ ಕೆಟ್ಟವರಲ್ಲ. ಕೊನೆತನಕ ಕೇಳಿದರು. ಅವನ ಎರಡು ಚೀಟಿ ರದ್ದು ಮಾಡಲು ತಕ್ಷಣ ಒಪ್ಪಿದರು, ಜಿಲ್ಲಾ ಆಸ್ಪತ್ರೆಯ ಸಲಹೆ ತರಿಸಲೂ ಒಪ್ಪಿದರು. ಆದರೆ ತಪ್ಪನ್ನು ಕೆಲಸಗಾರರ ಮುಂದೆ ಹೇಳುತ್ತೇನೆ ಎಂದಾಗ ಪೆನ್ನು ಕೆಳಗಿಟ್ಟರು. ನಿಮ್ಮ ಪರೀಕ್ಷೆ ಈಗ ತಾನೆ ಸರಿಯಾಗಿದೆ. ಗುಟ್ಟು ಬಿಟ್ಟುಕೊಟ್ಟರೆ ನಾಳೆಯಿಂದ ಇಡೀ ಖಣಿ ಬೆನ್ನು ಬಿಗಿದುಕೊಂಡು ನಿಮ್ಮ ಬಾಗಿಲಿಗೆ ಬರುತ್ತದೆ. ಆಮೇಲೆ ನೀವು ಯಾವ ಬೆರಳಿಟ್ಟು ನೋಡುತ್ತೀರಿ ಎಂದರು. ಮಾತು ನೂರಕ್ಕೆ ನೂರು ಸರಿ. ಮೆತ್ತಗಾಗುವುದನ್ನು ಪೆಟ್ಟಾದವನು ಕಲಿಯಲಾರ. ಗಟ್ಟಿಯಾಗುವುದನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಕಲಿಯಬಹುದು. ಹೇಳಿದರೆ ನನ್ನ ಹತ್ತಿರ ಇದ್ದ ಒಂದೇ ಸಾಧನ ಹೋಗುತ್ತದೆ, ಅದರ ಹಿಂದೆ ನೌಕರಿಯೂ ಹೋಗಬಹುದು.

ಎರಡು ದಿನ ಅತ್ತ ಇತ್ತ ತೂಗಿದೆ. ಹೇಳದಿರಲು ಕಾರಣಗಳು ಸಾಲುಗಟ್ಟಿ ಬರುತ್ತಿದ್ದವು, ಎಲ್ಲವೂ ಬುದ್ಧಿವಂತ ಕಾರಣಗಳೇ. ಕೊನೆಗೆ ತೀರ್ಮಾನಕ್ಕೆ ತಂದದ್ದು ಧೈರ್ಯವಲ್ಲ, ಒಂದು ಸಣ್ಣ ಲೆಕ್ಕಾಚಾರ. ಭಂಕೂರಿನವನನ್ನು ಮಲಗಿಸಿದ್ದಾಗಿತ್ತು. ಕಲ್ಲಿನ ರಾಶಿಯ ಹಿಂದಿನ ಆ ಬಗ್ಗುವ ಶಾಲೆ ಮುಚ್ಚಿದೆ ಎಂದು ಯಾರು ಹೇಳಿದರು? ನಾನು ಬಾಯಿ ಬಿಡುವ ತನಕ ಅಲ್ಲಿ ಇನ್ನೊಬ್ಬ ಬಗ್ಗುತ್ತಲೇ ಇರುತ್ತಾನೆ. ಕಂಪೌಂಡರರಿಗೆ ಹೇಳಿದೆ. "ಹೋಗಿ ಬರ್ರಿ ಸಾಬ್. ಇಲ್ಲಿಂದು ನಾ ನೋಡ್ಕೋತೀನಿ" ಎಂದರು. ಒಂದು ತಿಂಗಳಿಂದ ಅದಕ್ಕೇ ಕಾಯುತ್ತಿದ್ದವರ ಹಾಗೆ ಇತ್ತು ಧ್ವನಿ.

ಬೆಳಗಿನ ಹಾಜರಿಯ ಹೊತ್ತಿಗೆ ಖಣಿಯ ಮೇಲೆ ನಿಂತೆ. ರಾತ್ರಿ ಬರೆದು ತಿದ್ದಿದ ಭಾಷಣ ಜೇಬಿನಲ್ಲೇ ಉಳಿಯಿತು.

"ನಂದು ತಪ್ಪಾಗ್ಯದ," ಎಂದೆ. "ಬಗ್ಗಿದಾಗ ಬೆನ್ನ ಗಟ್ಟಿ ಇದ್ದವರೇ ಖರೇ ಬ್ಯಾನಿ ಇದ್ದವರು. ನಾ ಉಲ್ಟಾ ತಿಳಕೊಂಡಿದ್ದೆ. ಇನ್ನ ಯಾರೂ ಬಗ್ಗಿ ಬಗ್ಗಿ ನೋಡಬ್ಯಾಡ್ರಿ. ಅದರಿಂದನೇ ಒಬ್ಬನ ಕಾಲ ಹೋಗ್ಯದ."

ಮುಕಾದಮ, ಕೆಲಸದ ಮನುಷ್ಯ, ಕೆಲಸದ ಪ್ರಶ್ನೆ ಕೇಳಿದ:

"ಹಂಗಾದ್ರ ಇನ್ನ ಮ್ಯಾಲ ಗಟ್ಟಿ ಮಾಡ್ಕೊಂಡು ಬರಬೇಕೇನ್ರಿ ಸಾಬ್ರ?"

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಹಿಂದಿನ ಸಾಲಿನಲ್ಲಿ ತಲೆ ನರೆತ ಒಬ್ಬ ನಗದೆ ನಿಂತಿದ್ದ. ಮುಖದ ಗುರುತಿತ್ತು. ಹೋದ ವರ್ಷ ನಂದೂ ಗಟ್ಟಿ ಇತ್ತಲ್ರಿ ಎಂದ, ಅಷ್ಟೇ. ಸಬ್ಬಲ ಹೆಗಲಿಗಿಟ್ಟುಕೊಂಡು ಇಳಿಜಾರು ಇಳಿದು ಹೋದ. ಬೈದಿದ್ದರೆ ನನಗೆ ಬಹಳ ಅನುಕೂಲವಾಗುತ್ತಿತ್ತು.

ಮ್ಯಾನೇಜರ್ ಹೇಳಿದ್ದು ಮರುದಿನವೇ ನಿಜವಾಯಿತು. ನಾಲ್ಕು ಜನ ಹಲಗೆ ನುಂಗಿದವರ ಹಾಗೆ ನಡೆದು ಬಂದರು. ನಾನು ಬೆನ್ನು ಮುಟ್ಟಲಿಲ್ಲ. ಮುಟ್ಟಿ ತಿಳಿಯುವುದು ಏನೂ ಉಳಿದಿರಲಿಲ್ಲ. ನೋವು ಎಲ್ಲಿ, ಯಾವಾಗ ಹೆಚ್ಚು, ರಾತ್ರಿ ಮಗ್ಗುಲಾಗಲು ಬರುತ್ತದೋ ಎಂದು ಕೇಳಿದೆ. ಇಬ್ಬರು ಉತ್ತರ ಕೊಡಲು ಬಾರದೆ ತಾವೇ ಎದ್ದು ಹೋದರು. ಉಳಿದಿಬ್ಬರಲ್ಲಿ ಒಬ್ಬ ನನಗೆ ಮೋಸ ಮಾಡಿರಬಹುದು. ಮಾಡಿದ್ದರೆ ಮಾಡಲಿ. ಮೇಲಿನವರಿಂದ ನನಗೆ ಎಚ್ಚರಿಕೆಯ ಒಂದು ಕಾಗದ ಬಂತು, ನೌಕರಿ ಹೋಗಲಿಲ್ಲ.

ಭಂಕೂರಿನವನು ಆರು ವಾರ ಮಲಗಿದ. ಜಿಲ್ಲಾ ಆಸ್ಪತ್ರೆಯವರು ಹಲಗೆಯ ಮೇಲೆ ಮಲಗಿಸಿ ಎಂದು ಬರೆದಿದ್ದರು. ಹಲಗೆ ಎಲ್ಲಿಂದ ಬರಬೇಕು. ಮನೆಯ ನೆಲಕ್ಕೆ ಹಾಸಿದ ಫರಸಿಯ ಮೇಲೆ ಒಂದು ಕೌದಿ ಹಾಸಿ ಮಲಗಿಸಿದ್ದಾರೆ ಎಂದು ತಿಳಿಯಿತು. ವಾರಕ್ಕೊಮ್ಮೆ ಕಂಪೌಂಡರರನ್ನು ಕಳಿಸುತ್ತಿದ್ದೆ. ನಾನೇ ಹೋಗಬೇಕಾಗಿತ್ತು. ಹೋದದ್ದು ಎರಡೇ ಸಲ, ಎರಡು ಸಲವೂ ಕಾಲಿನ ಹೆಬ್ಬೆರಳು ಎಷ್ಟು ಎತ್ತುತ್ತಾನೆ ನೋಡಿ, ಬೇಗ ಎದ್ದು ಬಂದೆ. ಬೆರಳು ತುಸು ಎದ್ದಿತು. ಪೂರ್ತಿ ಎಂದೂ ಏಳಲಿಲ್ಲ. ಕಲ್ಲು ಹೊರುವುದು ಮುಗಿದ ಮಾತು ಎಂದು ನಮಗಿಬ್ಬರಿಗೂ ಗೊತ್ತಿತ್ತು. ಹೊರಲಾರದವನ ಹೆಸರು ಎತ್ತುವವರ ಹಾಜರಿಯಲ್ಲಿ ಎಷ್ಟು ದಿನ ಇದ್ದೀತು?

ಆದ್ದರಿಂದ ನಾನು ಮ್ಯಾನೇಜರರ ಹತ್ತಿರ ಮೂರು ಸಲ ಹೋದೆ. ಛಪ್ಪರದ ನೆರಳಿನಲ್ಲಿ ಕೂತು ಉಳಿ ಸುತ್ತಿಗೆಯಿಂದ ಫರಸಿಯ ಅಂಚು ಕೆತ್ತುವ ಕೆಲಸ ಒಂದಿತ್ತು. ಎತ್ತುವುದಿಲ್ಲ, ಹೊರುವುದಿಲ್ಲ, ಬಿಸಿಲಿಲ್ಲ. ಕಾಡಿ ಬೇಡಿ ಅದನ್ನು ಅವನಿಗೆ ಕೊಡಿಸಿದೆ. ಮೂರನೆಯ ಸಲ ಹೊರಗೆ ಬಂದಾಗ ಎಷ್ಟೋ ತಿಂಗಳ ಮೇಲೆ ನನ್ನ ಬಗ್ಗೆ ನನಗೆ ಚೂರು ಮೆಚ್ಚುಗೆಯಾಯಿತು. ಇನ್ನು ನಾನು 'ಕುಳಿತು ಮಾಡುವ ಹಗುರ ಕೆಲಸಕ್ಕೆ ಯೋಗ್ಯ' ಎಂದು ಸರ್ಟಿಫಿಕೇಟ್ ಬರೆದುಕೊಡಬೇಕು, ಅಷ್ಟೇ.

ಅವನು ದವಾಖಾನೆಗೆ ಬಂದ. ಮೆಟ್ಟು ಬಡಿಯುವ ಸದ್ದು ಮೊದಲು ಬಂತು, ಆಮೇಲೆ ಅವನು. ಸರ್ಟಿಫಿಕೇಟ್ ಬರೆದೇ ಇಟ್ಟಿದ್ದೆ. ನಾನು ಬಾಯಿ ತೆರೆಯುವ ಮುಂಚೆ ಅವನು ಗೋಡೆಯ ಕಡೆ ತಿರುಗಿ, ಅಂಗಿ ಮೇಲಕ್ಕೆತ್ತಿ, ಕಾಲಿನ ನಡುವೆ ಗೇಣು ಬಿಟ್ಟು ಬಗ್ಗತೊಡಗಿದ. ಬ್ಯಾಡ, ಬ್ಯಾಡ, ಕುಂದ್ರು ಎಂದು ನಾನೇ ಸ್ಟೂಲು ಎಳೆದು ಹಾಕಿದೆ. ಕೆತ್ತುವ ಕೆಲಸ ಸಿಕ್ಕಿದ್ದನ್ನು ಹೇಳಿದೆ. ಅವನು ಸ್ಟೂಲು ನೋಡಿದ, ಕೂರಲಿಲ್ಲ.

"ಕುಂತ್ರ ಭಾಳ ನೋಯ್ತದ್ರಿ," ಎಂದ. "ನಿಂತ್ರ ಅಷ್ಟಿಲ್ಲ. ಒಂದೀಟು ಹೊತ್ತು ಕುಂತ್ರ ಕಾಲಾಗ ಬೆಂಕಿ ಇಟ್ಟಂಗ ಆಗ್ತದ. ಉಣ್ಣೋದೂ ನಿಂತಾ ಉಣ್ತೀನಿ."

ಎರಡನೆಯ ಸಲ ಬಂದಾಗ ಅವನು ಬಾಯಿ ತೆರೆದಿದ್ದು ಇದನ್ನು ಹೇಳಲಿಕ್ಕೋ ಎಂದು ಕೇಳಿದೆ. ಇದ್ದೀತು ಎಂದ. ನೆನಪಿಲ್ಲ ಎಂದ. ಮೂರು ಸಲ ಮ್ಯಾನೇಜರರ ಬಾಗಿಲಿಗೆ ಹೋದ ನಾನು ಭಂಕೂರಿಗೆ ಒಮ್ಮೆ ಹೋಗಿ ಅವನನ್ನು ಕೇಳಿರಲಿಲ್ಲ. ಬರೆದಿಟ್ಟ ಸರ್ಟಿಫಿಕೇಟನ್ನು ಹರಿದೆ. ನಾನು ಕುರ್ಚಿಯಲ್ಲಿ ಕೂತು ಅವನು ನಿಂತಿರುವುದು ಸರಿಯೆನಿಸದೆ ಎದ್ದೆ. ಹೊಸ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು, ಯಾವ ಕೆಲಸ ಆಗುತ್ತದೆ, ನೀನೇ ಹೇಳು ಎಂದೆ.

ಅವನು ಯೋಚನೆ ಮಾಡಿಯೇ ಬಂದಿದ್ದ. ರೈಲಿನ ಸೈಡಿಂಗಿನಲ್ಲಿ ವ್ಯಾಗನ್ ತುಂಬುವಾಗ ಅಳತೆಗೋಲು ಹಿಡಿದು ನಿಂತು, ಕಲ್ಲಿನ ಅಳತೆ ಕೂಗಿ ಹೇಳುವವನೊಬ್ಬ ಬೇಕಾಗುತ್ತಾನೆ. ಅದಾದರೆ ಆಗುತ್ತದೆ. ನಡುನಡುವೆ ಅಡ್ಡಾಡಲು ಬಿಡಬೇಕು. ಎತ್ತುವುದು ಬೇಡ, ಕೂರುವುದು ಬೇಡ, ಬಗ್ಗುವುದು ಬೇಡ. ಅವನು ಹೇಳುತ್ತ ಹೋದ, ನಾನು ನಿಂತೇ ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ಸಹಿ ಹಾಕುವ ಮುನ್ನ, ಓದಿ ಹೇಳ್ರಿ ಎಂದ. ಕನ್ನಡದಲ್ಲಿ ಮಾಡಿ ಹೇಳಿದೆ: ಬೆನ್ನಿನ ಒಳಗೆ ಪೆಟ್ಟಾಗಿದೆ, ಎಡಗಾಲಿನ ಶಕ್ತಿ ಕುಗ್ಗಿದೆ, ಕುಳಿತಾಗ ಸ್ವಲ್ಪ ನೋವು ಬರುತ್ತದೆ...

ಅವನು ಅಲ್ಲಿ ಕೈ ಎತ್ತಿ ತಡೆದ.

"'ಸ್ವಲ್ಪ' ಅಂತ ನಾ ಎಲ್ಲಿ ಹೇಳೀನ್ರಿ ಸಾಬ್ರ?"

ಅವನು ಹೇಳಿರಲಿಲ್ಲ. ಆ ಮಾತಿನ ಮೇಲೆ ಗೆರೆ ಎಳೆದು, ಅವನಿಗೆ ತೋರಿಸಿ, ಕೆಳಗೆ ಸಹಿ ಹಾಕಿದೆ.